ತೊಟ್ಟಿಲಿಗೂ ಕೊಟ್ಟಿಗೆಗೂ ಎಷ್ಟು ದೂರ? ಆಮಿಶ್ ಮತ್ತು ಹಟರೈಟ್ ಮಕ್ಕಳ ಪ್ರಕರಣ

"ಹಳ್ಳೀಲಿ ಬೆಳೆದ ಮಕ್ಕಳಿಗೆ ದಮ್ಮು ಬರಲ್ಲ, ಮಣ್ಣಲ್ಲಿ ಆಡಕ್ಕೆ ಬಿಡಿ, ಎಲ್ಲಾ ಸರಿಹೋಗುತ್ತೆ." ಮಕ್ಕಳ ಡಾಕ್ಟರ ಕ್ಲಿನಿಕ್ಕಿನ ಬೆಂಚಿನಿಂದ ಹಿಡಿದು ಮನೆಮಂದಿಯ ವಾಟ್ಸಾಪ್ ಗುಂಪಿನವರೆಗೆ ಈ ಮಾತು ಎಲ್ಲ ಕಡೆ ಓಡಾಡುತ್ತದೆ. ಇದರಲ್ಲಿ ಅರ್ಧ ನಿಜವಿದೆ. ಯಾವ ಅರ್ಧ ಎಂದು ಬಿಡಿಸಿ ನೋಡಲು ಅಮೆರಿಕದ ಎರಡು ರೈತ ಸಮುದಾಯಗಳ ಮಕ್ಕಳ ಕಥೆಯಷ್ಟು ಚೊಕ್ಕವಾದದ್ದು ಇನ್ನೊಂದಿಲ್ಲ. ಎರಡೂ ಕಡೆ ಹಳ್ಳಿಯೇ. ಎರಡೂ ಕಡೆ ಹೊಲ, ಹಸು, ಕಾಯಿಸದ ಹಾಲು. ಆದರೂ ಒಂದು ಕಡೆ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ ಅಸ್ತಮಾ ಇದ್ದವರು ಶೇ 5.2, ಇನ್ನೊಂದು ಕಡೆ ಶೇ 21.3. ಅಲರ್ಜಿಯ ಒಲವು ಒಂದು ಕಡೆ ಶೇ 7.2, ಇನ್ನೊಂದು ಕಡೆ ಶೇ 33.3.

ಮೊದಲನೆಯವರು ಆಮಿಶ್, ಎರಡನೆಯವರು ಹಟರೈಟ್.

ಬೇರು ಒಂದೇ, ಬದುಕು ಎರಡು

ಇಬ್ಬರೂ ಯುರೋಪಿನ ಆಲ್ಪ್ಸ್ ಸೀಮೆಯಿಂದ ಹೊರಟ ಕ್ರೈಸ್ತ ಪಂಗಡಗಳು. ಹಟರೈಟರಿಗೆ ಹೆಸರು ಬಂದದ್ದು ಟಿರೋಲ್ ಪ್ರಾಂತ್ಯದ ಯಾಕೋಬ್ ಹಟರ್ ಎಂಬವನಿಂದ. ನಂಬಿಕೆಯ ಕಾರಣಕ್ಕೆ ಅವನನ್ನು 1536ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಸುಟ್ಟರು. ಅನುಯಾಯಿಗಳು ದೇಶದಿಂದ ದೇಶಕ್ಕೆ ಓಡಿ, ಕೊನೆಗೆ 1870ರ ದಶಕದಲ್ಲಿ ಅಮೆರಿಕದ ಡಕೋಟಾ ಬಯಲಿಗೆ ಬಂದರು. ಆಮಿಶರ ಮೂಲ ಸ್ವಿಟ್ಜರ್ಲೆಂಡಿನ ಕಡೆಯದು. 1693ರಲ್ಲಿ ಯಾಕೋಬ್ ಅಮ್ಮಾನ್ ಹಿಂದೆ ಬೇರೆಯಾದ ಗುಂಪು ಅದು. ಎರಡೂ ಪಂಗಡದವರು ಹೊರಗಿನವರನ್ನು ಮದುವೆಯಾಗುವುದು ಅಪರೂಪ. ಹಾಗಾಗಿ ಸಂಶೋಧಕರು ಡಿಎನ್‌ಎ ಹೋಲಿಸಿದಾಗ ಇಬ್ಬರ ವಂಶಮೂಲ ಹೆಚ್ಚುಕಡಿಮೆ ಒಂದೇ ಎಂದು ಕಂಡಿತು.

ಬದುಕಿನಲ್ಲೂ ಹೋಲಿಕೆ ಬಹಳ. ಮನೆ ತುಂಬ ಮಕ್ಕಳು. ತಾಯಂದಿರು ದೀರ್ಘಕಾಲ ಎದೆಹಾಲು ಕೊಡುತ್ತಾರೆ. ಮಕ್ಕಳಿಗೆ ಲಸಿಕೆ ಹಾಕಿಸುತ್ತಾರೆ. ಊಟದಲ್ಲಿ ಕೊಬ್ಬು, ಉಪ್ಪು ಧಾರಾಳ. ಮಕ್ಕಳಲ್ಲಿ ಬೊಜ್ಜು ಕಡಿಮೆ. ಮನೆಯೊಳಗೆ ನಾಯಿ ಬೆಕ್ಕು ಸಾಕುವ ಪದ್ಧತಿ ಇಬ್ಬರಲ್ಲೂ ಇಲ್ಲ. ಬೀಡಿ ಸಿಗರೇಟಿನ ಹೊಗೆ, ಊರಿನ ಗಾಳಿಯ ಮಾಲಿನ್ಯ ಎರಡೂ ಕಡಿಮೆ. ಅಂದರೆ ಅಸ್ತಮಾಕ್ಕೆ ನಾವು ಸಾಮಾನ್ಯವಾಗಿ ಹೊಣೆ ಮಾಡುವ ಕಾರಣಗಳೆಲ್ಲ ಇಲ್ಲಿ ಎರಡೂ ತಕ್ಕಡಿಯಲ್ಲಿ ಸಮನಾಗಿ ಕೂತಿವೆ. ಸಂಶೋಧಕರು ಪ್ರಯೋಗಾಲಯದಲ್ಲಿ ಏರ್ಪಡಿಸಲಾಗದ ಹೋಲಿಕೆಯನ್ನು ಚರಿತ್ರೆಯೇ ಏರ್ಪಡಿಸಿಕೊಟ್ಟಿತ್ತು ಎನ್ನಬೇಕು.

ವ್ಯತ್ಯಾಸ ಇರುವುದು ಬೇಸಾಯದ ಕ್ರಮದಲ್ಲಿ. ಆಮಿಶರದು ಒಂದೊಂದು ಕುಟುಂಬದ ಸಣ್ಣ ಹೈನುಗಾರಿಕೆ. ಹೊಲ ಉಳುವುದು, ಊರಿಗೆ ಹೋಗುವುದು ಎಲ್ಲ ಕುದುರೆಯಿಂದ. ಕೊಟ್ಟಿಗೆ ಮನೆಯ ಪಕ್ಕದಲ್ಲೇ. ಬೆಳಗ್ಗೆ ಹಾಲು ಕರೆಯಲು ಹೋಗುವ ತಾಯಿ ಕೂಸನ್ನೂ ಜೊತೆಗೆ ಒಯ್ಯುತ್ತಾಳೆ. ನಡೆಯಲು ಕಲಿತ ಮಗು ಹುಲ್ಲಿನ ಮೇಲೆ, ಸಗಣಿಯ ನಡುವೆ ಆಡುತ್ತದೆ. ಸ್ವಲ್ಪ ದೊಡ್ಡದಾದರೆ ಕರುವಿಗೆ ಹಾಲು ಕುಡಿಸುವ ಕೆಲಸ ಅದರದ್ದೇ. ಕೊಟ್ಟಿಗೆಯಿಂದ ಬಂದವರ ಕಾಲು, ಬಟ್ಟೆ, ಕೂದಲಿನ ಜೊತೆ ಅಲ್ಲಿನ ದೂಳು ದಿನವೂ ಮಲಗುವ ಕೋಣೆಯವರೆಗೂ ಬರುತ್ತದೆ.

ಹಟರೈಟರು ಆಸ್ತಿಯನ್ನೆಲ್ಲ ಸಾಮೂಹಿಕವಾಗಿ ಇಟ್ಟುಕೊಂಡವರು. ಸುಮಾರು ನೂರು ಜನರ ಕಾಲೊನಿ, ಎಲ್ಲರಿಗೂ ಒಂದೇ ಊಟದ ಮನೆ. ಯಂತ್ರಕ್ಕೆ ಅವರಲ್ಲಿ ಮಡಿಯಿಲ್ಲ. ದೊಡ್ಡ ಟ್ರ್ಯಾಕ್ಟರು, ಯಾಂತ್ರಿಕ ಹಾಲಿನ ಘಟಕ ಎಲ್ಲ ಇದೆ. ಆದರೆ ದನದ ಶೆಡ್ಡುಗಳು ಮನೆಗಳಿಂದ ದೂರ, ಅಲ್ಲಿ ಕೆಲಸ ಗಂಡಸರದು. ಗಂಡುಮಕ್ಕಳು ಬೆಳೆದು ಕೆಲಸಕ್ಕೆ ನಿಲ್ಲುವ ವಯಸ್ಸು ಬರುವತನಕ ಅತ್ತ ಕಾಲಿಡುವುದು ಕಡಿಮೆ. ಹಟರೈಟ್ ಮಗುವಿನ ಮನೆಗೆ ಹಸುವಿನಿಂದ ಬರುವುದು ಹಾಲು ಮಾತ್ರ.

ದೂಳಿನ ಪರೀಕ್ಷೆ

ಈ ಪ್ರಕರಣ ಶುರುವಾದದ್ದು ಇಂಡಿಯಾನಾಪೊಲಿಸ್ ನಗರದ ಅಲರ್ಜಿ ತಜ್ಞ ಮಾರ್ಕ್ ಹೋಲ್‌ಬ್ರೈಕ್ ಅವರ ಗಮನಿಕೆಯಿಂದ. ಆಮಿಶರಲ್ಲಿ ಅಲರ್ಜಿ ಇಷ್ಟು ಅಪರೂಪ ಯಾಕೆ ಎಂಬ ಪ್ರಶ್ನೆ ಅವರನ್ನು ಹಿಡಿದಿತ್ತು. 2012ರಲ್ಲಿ ಅವರೂ ಸಂಗಡಿಗರೂ ಆಮಿಶ್ ಮಕ್ಕಳನ್ನು ಸ್ವಿಟ್ಜರ್ಲೆಂಡಿನ ಮಕ್ಕಳೊಡನೆ ಹೋಲಿಸಿದರು. ಅಲರ್ಜಿಯ ಒಲವು ಆಮಿಶರಲ್ಲಿ ಶೇ 7.2, ಸ್ವಿಸ್ ರೈತರ ಮಕ್ಕಳಲ್ಲಿ ಶೇ 25.2, ಬೇಸಾಯವಿಲ್ಲದ ಸ್ವಿಸ್ ಮನೆಗಳಲ್ಲಿ ಶೇ 44.2. ಇತ್ತ ಶಿಕಾಗೊ ವಿಶ್ವವಿದ್ಯಾಲಯದ ಕ್ಯಾರೊಲ್ ಓಬರ್ ಬಹುಕಾಲದಿಂದ ಹಟರೈಟರ ವಂಶವಾಹಿಗಳನ್ನು ಓದುತ್ತಿದ್ದರು. ಹಟರೈಟರಲ್ಲಿ ಅಸ್ತಮಾ ಸಾಮಾನ್ಯ ಎಂಬುದು ಓಬರ್ ಅವರಿಗೆ ಗೊತ್ತಿತ್ತು. ಮ್ಯೂನಿಕ್‌ನ ಎರಿಕಾ ಫಾನ್ ಮ್ಯೂಟಿಯಸ್, ಅರಿಜೋನಾದ ಡೊನಾಟಾ ವರ್ಚೆಲಿ ಸೇರಿಕೊಂಡರು. ಫಲಿತಾಂಶ 2016ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು.

ಇಂಡಿಯಾನಾದ 30 ಆಮಿಶ್ ಮಕ್ಕಳು, ಸೌತ್ ಡಕೋಟಾದ 30 ಹಟರೈಟ್ ಮಕ್ಕಳು, ವಯಸ್ಸು 7ರಿಂದ 14. ಆ 30 ಆಮಿಶ್ ಮಕ್ಕಳಲ್ಲಿ ಒಬ್ಬರಿಗೂ ಅಸ್ತಮಾ ಇರಲಿಲ್ಲ. ಹಟರೈಟರಲ್ಲಿ ಆರು ಮಕ್ಕಳಿಗೆ ಇತ್ತು. ರಕ್ತ ನೋಡಿದಾಗ ಆಮಿಶ್ ಮಕ್ಕಳಲ್ಲಿ ಅಲರ್ಜಿಯ ಜೊತೆ ಏರುವ ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಕಡಿಮೆ, ನ್ಯೂಟ್ರೊಫಿಲ್ ಎಂಬ ಇನ್ನೊಂದು ಬಗೆಯವು ಹೆಚ್ಚು. ಅವರ ರೋಗನಿರೋಧಕ ಕಣಗಳಲ್ಲಿ ಉರಿಯೂತಕ್ಕೆ ಕಡಿವಾಣ ಹಾಕುವ ವಂಶವಾಹಿಗಳು ಚುರುಕಾಗಿದ್ದವು. ಅವುಗಳಲ್ಲಿ ಎ20 ಎಂಬ ಪ್ರೋಟೀನು ತಯಾರಿಸುವ ವಂಶವಾಹಿಯದು ಮುಖ್ಯ ಪಾತ್ರ. ಅದಕ್ಕೂ ಒಂದು ವರ್ಷ ಹಿಂದೆ, 2015ರಲ್ಲಿ, ಯುರೋಪಿನ ಬೇರೊಂದು ತಂಡ ಇಲಿಗಳಲ್ಲಿ ಇದೇ ಎ20ನ್ನು ಹಿಡಿದಿತ್ತು. ಹೈನು ಮನೆಗಳ ದೂಳು ರಕ್ಷಣೆ ಕೊಡಬೇಕಾದರೆ ಶ್ವಾಸಕೋಶದ ಒಳಪದರದಲ್ಲಿ ಎ20 ಇರಲೇಬೇಕು ಎಂದು ತೋರಿಸಿತ್ತು.

ಸಂಶೋಧಕರು ಎರಡೂ ಕಡೆ ಹತ್ತು ಹತ್ತು ಮನೆಗಳ ಗಾಳಿಯಲ್ಲಿ ತೇಲುವ ದೂಳನ್ನು ಹಿಡಿದರು. ಎಂಡೋಟಾಕ್ಸಿನ್ ಎಂದರೆ ಒಂದು ಬಗೆಯ ಬ್ಯಾಕ್ಟೀರಿಯಾಗಳ ಹೊರಕವಚದ ಚೂರು, ಸಗಣಿಯಲ್ಲಿ ಯಥೇಚ್ಛ. ಆಮಿಶ್ ಮನೆಗಳ ದೂಳಿನಲ್ಲಿ ಅದು 6.8 ಪಟ್ಟು ಹೆಚ್ಚಿತ್ತು. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇನ್ನೊಂದು ಅಂಶ. ಬೆಕ್ಕು, ನಾಯಿ, ದೂಳಿನ ನುಸಿ, ಜಿರಲೆಯಿಂದ ಬರುವ ಅಲರ್ಜಿಕಾರಕಗಳು ಆಮಿಶರ ಹತ್ತರಲ್ಲಿ ನಾಲ್ಕು ಮನೆಗಳಲ್ಲಿ ಸಿಕ್ಕವು, ಹಟರೈಟರ ಹತ್ತರಲ್ಲಿ ಒಂದೇ ಮನೆಯಲ್ಲಿ. ಅಂದರೆ ಅಲರ್ಜಿ ಹುಟ್ಟಿಸುವ ವಸ್ತು ಕಡಿಮೆಯಿದ್ದ ಮನೆಯ ಮಕ್ಕಳೇ ಹೆಚ್ಚು ಉಬ್ಬಸಪಡುತ್ತಿದ್ದರು. ಮನೆಯನ್ನು ಎಷ್ಟು ಒರೆಸಿ ತೊಳೆದು ಇಟ್ಟರೂ ಮಗುವಿಗೆ ಅಲರ್ಜಿ ಬಂತಲ್ಲ ಎಂದು ಕೊರಗುವ ತಾಯಂದಿರಿಗೆ ಈ ಅಂಕಿ ತೋರಿಸಬೇಕು.

ಇಷ್ಟಾದರೂ ಇದು ಬರೀ ಹೋಲಿಕೆ. ದೂಳೇ ಕಾರಣ ಎಂದು ಹೇಳಲು ಇನ್ನೊಂದು ಹೆಜ್ಜೆ ಬೇಕಿತ್ತು. ಅದನ್ನು ಇಲಿಗಳು ಒದಗಿಸಿದವು. ಇಲಿಗಳಿಗೆ ಮೊಟ್ಟೆಯ ಬಿಳಿ ಭಾಗದ ಪ್ರೋಟೀನು ಕೊಟ್ಟು ಅಸ್ತಮಾದಂಥ ಸ್ಥಿತಿ ತರುವುದು ಹಳೆಯ ವಿಧಾನ. ಶ್ವಾಸನಾಳ ಬಿಗಿಯುತ್ತದೆ, ಶ್ವಾಸಕೋಶದಲ್ಲಿ ಇಯೋಸಿನೊಫಿಲ್ ತುಂಬಿಕೊಳ್ಳುತ್ತದೆ. ಈ ಬಾರಿ ಜೊತೆಗೆ ಕೆಲವು ಇಲಿಗಳ ಮೂಗಿಗೆ ಎರಡು ಮೂರು ದಿನಕ್ಕೊಮ್ಮೆ, ವಾರಗಟ್ಟಲೆ, ಆಮಿಶ್ ಮನೆಯ ದೂಳಿನ ಸಾರ ಹಾಕಿದರು. ಬೇರೆ ಕೆಲವಕ್ಕೆ ಹಟರೈಟ್ ಮನೆಯದು. ಆಮಿಶ್ ದೂಳು ಸೇವಿಸಿದ ಇಲಿಗಳಲ್ಲಿ ಬಿಗಿತವೂ ಇಯೋಸಿನೊಫಿಲ್ಲೂ ತಗ್ಗಿದವು. ಹಟರೈಟ್ ದೂಳಿನಿಂದ ಆ ರಕ್ಷಣೆ ಸಿಗಲಿಲ್ಲ. ಆಮೇಲೆ ಮೈಡಿ88, ಟ್ರಿಫ್ ಎಂಬ ಎರಡು ಪ್ರೋಟೀನುಗಳಿಲ್ಲದ ಇಲಿಗಳಲ್ಲಿ ಇದೇ ಪ್ರಯೋಗ ಮಾಡಿದರು. ಹುಟ್ಟಿನಿಂದಲೇ ಬರುವ ರೋಗನಿರೋಧಕ ವ್ಯವಸ್ಥೆಗೆ ಬ್ಯಾಕ್ಟೀರಿಯಾದ ಸುಳಿವು ತಲುಪುವುದು ಇವುಗಳ ಮೂಲಕ. ಅವಿಲ್ಲದ ಇಲಿಗಳಲ್ಲಿ ಆಮಿಶ್ ದೂಳಿನ ಗುಣವೇ ಹೋಯಿತು. ದೂಳಿನಲ್ಲಿ ಏನೋ ಇದೆ, ಅದು ದೇಹದ ಈ ಹಳೆಯ ಕಾವಲು ದಾರಿಯ ಮೂಲಕವೇ ಕೆಲಸ ಮಾಡುತ್ತದೆ ಎಂಬುದು ಅಲ್ಲಿಗೆ ಗಟ್ಟಿಯಾಯಿತು.

ಯಾವ ವಯಸ್ಸಿನಲ್ಲಿ?

ಹಟರೈಟ್ ಹುಡುಗನೂ ಬೆಳೆದ ಮೇಲೆ ದನದ ಶೆಡ್ಡಿಗೆ ಹೋಗುತ್ತಾನೆ. ಆದರೂ ಚಿಕ್ಕಂದಿನಲ್ಲಿ ತಪ್ಪಿದ್ದು ಆಗ ಕೈಗೂಡುವಂತೆ ಕಾಣುವುದಿಲ್ಲ. ಇದಕ್ಕೆ ಇನ್ನೂ ನೇರವಾದ ಸಾಕ್ಷ್ಯ 2001ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೇಖನದಲ್ಲಿದೆ. ಆಸ್ಟ್ರಿಯಾ, ಜರ್ಮನಿ, ಸ್ವಿಟ್ಜರ್ಲೆಂಡಿನ ಹಳ್ಳಿ ಮಕ್ಕಳ ಅಧ್ಯಯನ ಅದು. ಹುಟ್ಟಿದ ಮೊದಲ ವರ್ಷದಲ್ಲೇ ಕೊಟ್ಟಿಗೆಯ ಒಡನಾಟವೂ ಅಲ್ಲಿನ ಹಾಲೂ ಸಿಕ್ಕ ಮಕ್ಕಳಲ್ಲಿ ಅಸ್ತಮಾ ಶೇ 1. ಅದೇ ಒಡನಾಟ ಒಂದರಿಂದ ಐದು ವರ್ಷದ ನಡುವೆ ಸಿಕ್ಕವರಲ್ಲಿ ಶೇ 11. ಗರ್ಭಿಣಿಯಾಗಿದ್ದಾಗ ತಾಯಿ ಕೊಟ್ಟಿಗೆಯಲ್ಲಿ ಕೆಲಸ ಮಾಡಿದ್ದರೂ ಮಗುವಿನ ಅಲರ್ಜಿಯ ಒಲವು ತಗ್ಗುತ್ತದೆ ಎಂದು ಮುಂದಿನ ಅಧ್ಯಯನಗಳು ಹೇಳಿದವು. ಎಂಟು ವರ್ಷದ ಮಗನನ್ನು ಬೇಸಿಗೆ ರಜೆಗೆ ಊರಿಗೆ ಕಳಿಸಿ "ಇಮ್ಯೂನಿಟಿ ಬರಲಿ" ಎನ್ನುವವರ ಲೆಕ್ಕಾಚಾರ ಇಲ್ಲೇ ತಪ್ಪುತ್ತದೆ. ಮಗು ಊರು ನೋಡಲಿ, ಕೆರೆ ನೋಡಲಿ, ಅದು ಬೇರೆ ಮಾತು.

ಈ ಎಲ್ಲ ವಿಚಾರದ ಹಿನ್ನೆಲೆಯಲ್ಲಿರುವುದು 1989ರಲ್ಲಿ ಬ್ರಿಟನ್ನಿನ ಡೇವಿಡ್ ಸ್ಟ್ರಾಚನ್ ಬರೆದ ಚಿಕ್ಕ ಲೇಖನ. ಅಣ್ಣ ಅಕ್ಕಂದಿರು ಹೆಚ್ಚಿದ್ದ ಮಕ್ಕಳಲ್ಲಿ ಹೂಪರಾಗದಿಂದ ಬರುವ ನೆಗಡಿ ಕಡಿಮೆ ಎಂದು ಅವರು ಕಂಡರು. ಚಿಕ್ಕಂದಿನ ಸೋಂಕುಗಳೇ ಕಾಪಾಡುತ್ತಿರಬಹುದೇ ಎಂದು ಊಹಿಸಿದರು. ಜರ್ಮನಿ ಒಂದಾದ ಮೇಲೆ ಫಾನ್ ಮ್ಯೂಟಿಯಸ್ ಪೂರ್ವದ ಮಕ್ಕಳನ್ನು ಪರೀಕ್ಷಿಸಿದರು. ಕಲ್ಲಿದ್ದಲ ಹೊಗೆ ತುಂಬಿದ ಲೈಪ್ಜಿಗ್ ಮತ್ತು ಹಾಲೆಯಲ್ಲಿ ಅಸ್ತಮಾ ಹೆಚ್ಚಿರಬೇಕೆಂಬುದು ನಿರೀಕ್ಷೆ. ಸಿಕ್ಕಿದ್ದು ಉಲ್ಟಾ: ಅಲ್ಲಿ ಶೇ 3.9, ಪಶ್ಚಿಮದ ಮ್ಯೂನಿಕ್‌ನಲ್ಲಿ ಶೇ 5.9. ಇದನ್ನೆಲ್ಲ ಪತ್ರಿಕೆಗಳು "ಕೊಳಕು ಒಳ್ಳೆಯದು" ಎಂದು ಕುಗ್ಗಿಸಿಬಿಟ್ಟವು. ಆಮಿಶ್ ಪ್ರಕರಣದ ಬೆಲೆ ಇರುವುದೇ ಆ ಘೋಷಣೆಯನ್ನು ಬಿಗಿ ಮಾಡಿದ್ದರಲ್ಲಿ. ಆಮಿಶ್ ಮನೆಗಳು ಕೊಳಕಲ್ಲ, ಅಡಿಗೆಮನೆ ನೆಲದ ಮೇಲೆ ಊಟ ಬಡಿಸಬಹುದು ಎನ್ನುವಷ್ಟು ಅಚ್ಚುಕಟ್ಟು. ಕಾಯಿಲೆ ಬೀಳುವುದರಿಂದ ಆ ಮಕ್ಕಳಿಗೆ ರಕ್ಷಣೆ ಬಂದಿಲ್ಲ, ಲಸಿಕೆ ಬಿಟ್ಟದ್ದರಿಂದಂತೂ ಅಲ್ಲವೇ ಅಲ್ಲ. ಎಳೆ ವಯಸ್ಸಿನಿಂದ, ದಿನವೂ, ದನಗಳ ಸುತ್ತಲಿನ ಸೂಕ್ಷ್ಮಜೀವಿಗಳ ಒಡನಾಟವಿತ್ತು ಎಂಬುದಷ್ಟೇ ಈ ಪ್ರಕರಣದಿಂದ ಹೊರಡುವ ಮಾತು.

ಅದಕ್ಕೂ ಮಿತಿಗಳಿವೆ. ಅರವತ್ತು ಮಕ್ಕಳು ದೊಡ್ಡ ಸಂಖ್ಯೆಯಲ್ಲ. ಒಂದು ಹಂತದಲ್ಲಿ ರಕ್ತ ತೆಗೆದು ನೋಡಿದ ಅಧ್ಯಯನ ಇದು, ಹುಟ್ಟಿನಿಂದ ಹಿಂಬಾಲಿಸಿದ್ದಲ್ಲ. ಎಂಡೋಟಾಕ್ಸಿನ್ ಒಂದು ಗುರುತು ಮಾತ್ರ, ಅದೇ ಔಷಧಿ ಎಂದು ಯಾರೂ ಸಾಬೀತು ಮಾಡಿಲ್ಲ. ಧಾನ್ಯದ ಗಿರಣಿ, ಹತ್ತಿ ಗಿರಣಿಗಳಲ್ಲಿ ಇದೇ ಎಂಡೋಟಾಕ್ಸಿನ್ ತುಂಬಿದ ದೂಳು ದೊಡ್ಡವರ ಶ್ವಾಸಕೋಶ ಕೆಡಿಸುತ್ತದೆ. ಆಮಿಶ್ ಬಾಲ್ಯವನ್ನು ಸ್ವರ್ಗವೆಂದು ಚಿತ್ರಿಸುವುದೂ ಬೇಡ. ಅಟ್ಟದಿಂದ ಹುಲ್ಲು ಕೆಳಗೆ ತಳ್ಳುವ ಕಂಡಿಯಿಂದ ಬೀಳುವುದು, ಕುದುರೆ ಒದೆಯುವುದು ಅಲ್ಲಿನ ಮಕ್ಕಳು ಆಸ್ಪತ್ರೆಗೆ ಬರುವ ಪರಿಚಿತ ಕಾರಣಗಳು.

ಸಕ್ಕರೆ, ತೂಕ, ನಡಿಗೆ

ಬದುಕಿನ ರೀತಿಯ ಪ್ರಭಾವ ಅಸ್ತಮಾಕ್ಕೆ ಮಾತ್ರ ಅಂಟಿಕೊಂಡಿಲ್ಲ. ಕೆನಡಾದ ಒಂಟಾರಿಯೊದಲ್ಲಿರುವ ಆಮಿಶರ ಸೊಂಟಕ್ಕೆ ಹೆಜ್ಜೆ ಎಣಿಸುವ ಯಂತ್ರ ಕಟ್ಟಿ ನೋಡಿದ 2004ರ ಅಧ್ಯಯನ ಒಂದಿದೆ. ಗಂಡಸರು ದಿನಕ್ಕೆ ಸರಾಸರಿ 18,425 ಹೆಜ್ಜೆ, ಹೆಂಗಸರು 14,196. ಆ ಗಂಡಸರಲ್ಲಿ ಬೊಜ್ಜಿನವರು ಒಬ್ಬರೂ ಇರಲಿಲ್ಲ. ಊಟದಲ್ಲಿ ಮಾಂಸ, ಬೆಣ್ಣೆ, ಸಿಹಿ ತಿಂಡಿ ಯಾವುದಕ್ಕೂ ಕೊರತೆಯಿಲ್ಲ ಎಂಬುದನ್ನು ನೆನಪಿಡಿ. ಆಮಿಶರಲ್ಲೇ ನಡೆದ 2008ರ ಇನ್ನೊಂದು ಅಧ್ಯಯನದಲ್ಲಿ, ತೂಕ ಏರಿಸುವ ಎಫ್‌ಟಿಒ ಎಂಬ ವಂಶವಾಹಿಯ ಪ್ರಭಾವ ಹೆಚ್ಚು ದುಡಿಯುವವರಲ್ಲಿ ಬಹುಮಟ್ಟಿಗೆ ಮಂಕಾಗಿತ್ತು.

ಇದೇ ಎಳೆಯನ್ನು ಮೈಸೂರಿನಲ್ಲೂ ಹಿಡಿಯಬಹುದು. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರಲ್ಲಿ ಹೆರಿಗೆಯಾದ ತಾಯಂದಿರ ಮಕ್ಕಳನ್ನು ಸಂಶೋಧಕರು ವರ್ಷಾನುಗಟ್ಟಲೆ ಹಿಂಬಾಲಿಸಿದ್ದಾರೆ. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಕಾಣಿಸಿಕೊಂಡ ತಾಯಂದಿರ ಮಕ್ಕಳಲ್ಲಿ ಹತ್ತು ವರ್ಷ ತುಂಬುವ ಮೊದಲೇ ಮೈಕೊಬ್ಬು ಹೆಚ್ಚು, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಲಕ್ಷಣವೂ ಹೆಚ್ಚು ಎಂದು ಕಂಡಿತು. ನಡುವಯಸ್ಸಿನ ಕಾಯಿಲೆ ಎಂದು ನಾವು ಅಂದುಕೊಂಡದ್ದರ ಬೀಜ ಬಾಣಂತನಕ್ಕೂ ಮುಂಚಿನದು.

ನಮ್ಮ ಕೊಟ್ಟಿಗೆ, ನಮ್ಮ ಹೊಗೆ

ಓದುಗರು ಕೇಳುವ ಪ್ರಶ್ನೆ ಗೊತ್ತಿದೆ. ನಮ್ಮ ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದರೆ ಮೊದಲು ಸಿಗುತ್ತಿದ್ದದ್ದೇ ದನ ಕಟ್ಟುವ ಜಾಗ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ. ಮಲೆನಾಡಿನಲ್ಲೂ ಕೊಟ್ಟಿಗೆ ಕೂಗಳತೆಯಲ್ಲೇ ಇತ್ತು. ಹಾಗಿದ್ದ ಮೇಲೆ ನಾವೂ ಆಮಿಶರೇ ಅಲ್ಲವೇ?

ಅರ್ಧ ಮಾತ್ರ. ನಮ್ಮ ಮನೆಗಳಲ್ಲಿ ದನದ ಜೊತೆಗೆ ಸೌದೆ ಒಲೆಯ ಹೊಗೆಯೂ ಇತ್ತು, ಇನ್ನೂ ಎಷ್ಟೋ ಕಡೆ ಇದೆ. ಆಮಿಶ್ ಮಕ್ಕಳಿಗೆ ಆ ಹೊಗೆಯ ಹೊರೆಯಿಲ್ಲ. ಹೊಗೆ ಎಳೆಯ ಶ್ವಾಸಕೋಶಕ್ಕೆ ಮಾಡುವ ಹಾನಿಯನ್ನು ಯಾವ ಕೊಟ್ಟಿಗೆಯೂ ತುಂಬಿಕೊಡದು. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರ ಅಂಕಿಗಳನ್ನು ಇಲ್ಲಿ ನೋಡಬೇಕು. ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಅಸ್ತಮಾ ಇದ್ದವರು 1979ರಲ್ಲಿ ಶೇ 9, 1999ರಲ್ಲಿ ಶೇ 29.5. ಆಸ್ಪತ್ರೆಯ ಲೆಕ್ಕ ಊರಿನ ಲೆಕ್ಕವಲ್ಲ, ಆ ಎಚ್ಚರ ಇರಲಿ. ಆದರೆ ಅವರು 12 ಶಾಲೆಗಳಲ್ಲಿ 6,550 ಮಕ್ಕಳ ಸಮೀಕ್ಷೆಯನ್ನೂ ಮಾಡಿದ್ದರು. ವಾಹನ ಕಡಿಮೆಯಿರುವ ಕಡೆಯ ಶಾಲೆಗಳಲ್ಲಿ ಶೇ 11.15, ವಾಹನ ದಟ್ಟಣೆಯ ಕಡೆ ಶೇ 19.34, ದಟ್ಟಣೆಯ ಜೊತೆ ಬಡತನವೂ ಇದ್ದ ಕಡೆ ಶೇ 31.14. ಬಡವರ ಮಕ್ಕಳು ಮಣ್ಣಿನಲ್ಲಿ ಆಡಲಿಲ್ಲವೇ? ಖಂಡಿತ ಆಡಿರುತ್ತಾರೆ. ಮಣ್ಣು ಹೊಗೆಯನ್ನು ಗೆಲ್ಲಲಿಲ್ಲ.

ಮನೆಯೊಳಗಿನ ಹೊಗೆ ನಮ್ಮ ಕೈಯಲ್ಲೇ ಇದೆ. ಕೂಸಿಗೆ ಎಣ್ಣೆ ಹಚ್ಚಿ ಎರೆದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಹೊಗೆ ಹಿಡಿಯುವ ಪದ್ಧತಿ ನಮ್ಮ ಬಾಣಂತನದಲ್ಲಿ ಗಟ್ಟಿಯಾಗಿ ಉಳಿದಿದೆ. ತಲೆಯ ನೀರು ಆರಲಿ, ನೆಗಡಿಯಾಗದಿರಲಿ ಎಂಬ ಕಾಳಜಿ ಅದು. ಅಜ್ಜಿಯ ಪ್ರೀತಿಯನ್ನು ಯಾರೂ ಪ್ರಶ್ನಿಸುತ್ತಿಲ್ಲ. ಆದರೆ ಬಾಗಿಲು ಹಾಕಿದ ಕೋಣೆಯಲ್ಲಿ ಎರಡು ತಿಂಗಳ ಕೂಸು ಆ ಹೊಗೆಯನ್ನೇ ಉಸಿರಾಡುತ್ತದೆ. ಮೆತ್ತನೆಯ ಬಟ್ಟೆಯಿಂದ ಒರೆಸಿದರೂ ತಲೆ ಆರುತ್ತದೆ. ರಾತ್ರಿಯಿಡೀ ಉರಿಯುವ ಸೊಳ್ಳೆ ಬತ್ತಿಯ ಬದಲು ಸೊಳ್ಳೆ ಪರದೆ ಕಟ್ಟಬಹುದು. ಸಣ್ಣ ದೇವರ ಮನೆಯಲ್ಲಿ ಕಟ್ಟುಗಟ್ಟಲೆ ಊದುಬತ್ತಿ ಹಚ್ಚುವ ಬದಲು ಒಂದು ದೀಪ ಸಾಕು. ಕೊಟ್ಟಿಗೆ ಇಲ್ಲದ ಫ್ಲಾಟಿನಲ್ಲೂ ಇಷ್ಟು ಮಾಡಬಹುದಾದ್ದರಿಂದ ನಾನಂತೂ ಇದಕ್ಕೇ ಮೊದಲ ಮಣೆ ಹಾಕುತ್ತೇನೆ.

ಹಸಿ ಹಾಲಿನ ಬಗ್ಗೆ ಒಂದು ಮಾತು. ಯುರೋಪಿನ ಅಧ್ಯಯನಗಳಲ್ಲಿ ಕಾಯಿಸದ ಹಾಲಿಗೂ ಅಸ್ತಮಾ ತಗ್ಗಿದ್ದಕ್ಕೂ ನಂಟು ಕಂಡಿದೆ ಎಂದು ಓದಿ ಕೆಲವರು ಮಗುವಿಗೆ ಕರೆದ ಹಾಲನ್ನು ಹಾಗೇ ಕೊಡುತ್ತಾರೆ. ಬ್ರುಸೆಲ್ಲೋಸಿಸ್ ಮತ್ತು ದನದ ಕ್ಷಯ ಹಾಲಿನಿಂದ ಹರಡುವ ದೇಶ ನಮ್ಮದು. ಹಾಲು ಉಕ್ಕಿಸಿಯೇ ಕೊಡಿ. ಹಟರೈಟ್ ಮಕ್ಕಳೂ ಹಸಿ ಹಾಲನ್ನೇ ಕುಡಿದು ಬೆಳೆದವರು, ಅದು ಅವರನ್ನು ಕಾಪಾಡಲಿಲ್ಲ.

ನಗರದ ಮಗುವಿಗೆ ದಾರಿ ಏನೂ ಇಲ್ಲವೇ ಎಂದರೆ, ಫಿನ್ಲೆಂಡಿನಿಂದ ಎರಡು ಸುಳಿವು ಸಿಕ್ಕಿವೆ. 2019ರ ಅಧ್ಯಯನವೊಂದರಲ್ಲಿ, ಹೈನುಗಾರಿಕೆ ಇಲ್ಲದ ಮನೆಯಾದರೂ ಒಳಗಿನ ದೂಳಿನ ಸೂಕ್ಷ್ಮಜೀವಿಗಳು ಹೈನು ಮನೆಯವುಗಳನ್ನು ಹೋಲುತ್ತಿದ್ದರೆ ಅಲ್ಲಿನ ಮಕ್ಕಳಲ್ಲಿ ಅಸ್ತಮಾ ಕಡಿಮೆಯಿತ್ತು. ಮರುವರ್ಷ ಪ್ರಕಟವಾದ ಇನ್ನೊಂದರಲ್ಲಿ ಜಲ್ಲಿ ಹಾಸಿದ ಶಿಶುವಿಹಾರದ ಅಂಗಳಗಳಿಗೆ ಕಾಡಿನ ನೆಲದ ಹೊದಿಕೆ, ಹುಲ್ಲಿನ ಹಾಸು, ಗಿಡದ ಕುಂಡಗಳನ್ನು ತಂದು ಹಾಕಿದರು. 28 ದಿನ ಅದರಲ್ಲಿ ಆಡಿದ ಮೂರರಿಂದ ಐದು ವರ್ಷದ ಮಕ್ಕಳ ಚರ್ಮದ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತ ತಗ್ಗಿಸುವ ಗುರುತುಗಳೂ ಬದಲಾದವು. ಅಸ್ತಮಾ ತಪ್ಪಿತು ಎಂದು ಅವರು ಹೇಳಿಲ್ಲ, ಅಷ್ಟು ಚಿಕ್ಕ ಅವಧಿಯಲ್ಲಿ ಹೇಳಲೂ ಬಾರದು. ಆದರೆ ಅಂಗಳಕ್ಕೆಲ್ಲ ಸಿಮೆಂಟು ಸುರಿದು, ಮೇಲೆ ಪ್ಲಾಸ್ಟಿಕ್ ಹುಲ್ಲು ಹಾಸುವ ನಮ್ಮ ಪ್ರೀ-ಸ್ಕೂಲುಗಳ ಆಡಳಿತದವರು ಇದನ್ನು ಓದಿದರೆ ಒಳ್ಳೆಯದು.

ಕೊನೆಯದಾಗಿ, ಈಗಾಗಲೇ ಅಸ್ತಮಾ ಇರುವ ಮಗುವಿನ ವಿಷಯ. ಮೇಲೆ ಹೇಳಿದ್ದೆಲ್ಲ ಕಾಯಿಲೆ ಬರುವ ಮುಂಚಿನ ಮಾತು. ಒಮ್ಮೆ ಶ್ವಾಸನಾಳ ಮುನಿಸಿಕೊಂಡ ಮೇಲೆ ಅದೇ ಕೊಟ್ಟಿಗೆಯ ದೂಳು, ಒಣಹುಲ್ಲಿನ ಬೂಸ್ಟು ಉಬ್ಬಸವನ್ನು ಕೆರಳಿಸಬಲ್ಲವು. ಅಂಥ ಮಗುವಿಗೆ ಡಾಕ್ಟರು ಬರೆದುಕೊಟ್ಟ ಇನ್ಹೇಲರನ್ನು "ಚಟ ಅಂಟುತ್ತೆ" ಎಂದು ನಿಲ್ಲಿಸಬೇಡಿ, ಅದರಿಂದ ಚಟ ಹಿಡಿಯುವುದಿಲ್ಲ. ಊರಿಗೆ ಹೋಗುವಾಗ ದಿನನಿತ್ಯದ ಇನ್ಹೇಲರು, ತುರ್ತಿಗೆ ಕೊಡುವ ಇನ್ಹೇಲರು, ಸ್ಪೇಸರು (ಇನ್ಹೇಲರಿಗೆ ಜೋಡಿಸುವ ಕೊಳವೆ) ಮೂರೂ ಬ್ಯಾಗಿನಲ್ಲಿರಲಿ, ಅಜ್ಜಿ ತಾತನಿಗೂ ಅವನ್ನು ಕೊಡುವ ಕ್ರಮ ತೋರಿಸಿಕೊಡಿ.